ಒಂದೇ ಬೋಗುಣಿಯ ಖೀಮಾ ಉಂಡಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪಲ್ಯ, ಚಟ್ನಿ, ಉಪ್ಪಿನಕಾಯಿಗಳವೇ. ಹೋದ ವಾರ ಬಂದ ಒಂದು ಪತ್ರ ಮಾತ್ರ ಬೇರೆ ಥರದ್ದು. ‘ರವಿವಾರ ನಮ್ಮ ಮನೆಯಲ್ಲಿ ಮಟನ್ ಆಗಲೇಬೇಕು. ಅರ್ಧ ಕಿಲೋಕ್ಕಿಂತ ಹೆಚ್ಚು ತರುವ ಶಕ್ತಿ ನಮಗಿಲ್ಲ. ಉಣ್ಣುವವರು ಒಂಬತ್ತು ಮಂದಿ. ಎಲ್ಲರಿಗೂ ಬಡಿಸಿ ನಾನು ಕೂಡುವಷ್ಟರಲ್ಲಿ ಬೋಗುಣಿಯಲ್ಲಿ ರಸವಷ್ಟೇ ಇರುತ್ತದೆ. ಇದಕ್ಕೇನಾದರೂ ಉಪಾಯ ಉಂಟೇ?’ ಎಂದು ಒಬ್ಬ ಸೋದರಿ ಕೇಳಿದ್ದಾರೆ.

ಓದಿ ನಗು ಬಂತು, ಹಿಂದೆಯೇ ಸ್ವಲ್ಪ ಸಂಕಟವೂ ಆಯಿತು. ಏಕೆಂದರೆ ಆ ಬೋಗುಣಿಯ ತಳ ನನಗೆ ಚೆನ್ನಾಗಿ ಗೊತ್ತು.

ನಾನು ರನ್ನ ಬೆಳಗಲಿಗೆ ಸೊಸೆಯಾಗಿ ಬಂದಾಗ ಮನೆತುಂಬ ಜನ. ಮೊದಲು ಮಾವನವರು, ಆಮೇಲೆ ನಮ್ಮವರು ಮತ್ತು ಮೈದುನರು, ಆಮೇಲೆ ಹುಡುಗರು, ಆಮೇಲೆ ಅತ್ತೆಯವರು. ಕೊನೆಗೆ ನಾನು ಮತ್ತು ನನ್ನ ನೆಗೆಣ್ಣಿ. ಸೌಟು ಅತ್ತೆಯವರ ಕೈಯಲ್ಲಿ. ನಮ್ಮ ಪಾಲಿಗೆ ಬರುತ್ತಿದ್ದುದು ರಸ, ಒಂದೆರಡು ಬಟಾಟಿ ಹೋಳು, ಅದೃಷ್ಟವಿದ್ದರೆ ಒಂದು ನಲ್ಲಿ ಎಲುಬು. ಯಾರೂ ಬೇಕೆಂದು ಹಾಗೆ ಮಾಡುತ್ತಿದ್ದರೆಂದು ನಾನು ಹೇಳುವುದಿಲ್ಲ. ಅತ್ತೆಯವರಿಗೂ ಅವರ ಅತ್ತೆ ಹಾಗೆಯೇ ಬಡಿಸಿದ್ದರು. ಹೊಲದಲ್ಲಿ ದುಡಿದು ಬಂದ ಗಂಡಸರಿಗೆ ಖಂಡ, ಮನೆಯಲ್ಲಿದ್ದವರಿಗೆ ರಸ ಎಂಬುದು ಒಂದು ರೂಢಿ. ಹೊಲದಲ್ಲಿ ನಾವೂ ಕಳೆ ತೆಗೆದು ಬಂದಿರುತ್ತಿದ್ದೆವು ಎಂಬುದು ಬೇರೆ ಮಾತು.

ಆ ರೂಢಿ ನಮ್ಮ ಮನೆಯಲ್ಲಿ ಮುರಿದದ್ದು ಜಗಳದಿಂದಲ್ಲ. ಅತ್ತೆಯವರ ಹಲ್ಲಿನಿಂದ.

ಅರವತ್ತೈದು ದಾಟಿದ ಮೇಲೆ ಅವರ ಹಲ್ಲು ಒಂದೊಂದಾಗಿ ಬಿದ್ದವು. ಸೆಟ್ಟು ಮಾಡಿಸಿಕೊಟ್ಟೆವು. ಒಸಡಿಗೆ ಒತ್ತುತ್ತದೆ ಎಂದು ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿಬಿಟ್ಟರು. ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಉಣ್ಣುತ್ತಿದ್ದರು. ರವಿವಾರ ಬಂತೆಂದರೆ ಮಾತ್ರ ಒಂದಲ್ಲ ಒಂದು ನೆಪ. ‘ಎದಿ ಉರಿತೈತಿ, ನನಗ ಬ್ಯಾಡ’ ಅನ್ನುವರು. ಇನ್ನೊಮ್ಮೆ, ‘ಬಾಯಿ ರುಚಿ ಇಲ್ಲ’ ಅನ್ನುವರು. ಒತ್ತಾಯ ಮಾಡಿ ಎರಡು ಹೋಳು ಹಾಕಿದರೆ ತಾಟು ಖಾಲಿಯಾಗಿಯೇ ಬರುತ್ತಿತ್ತು. ಹಾಗಾಗಿ ನಾವೂ ಹೆಚ್ಚು ವಿಚಾರ ಮಾಡಲಿಲ್ಲ.

ಒಂದು ಸೋಮವಾರ ಕಸ ಹೊಡೆಯುವಾಗ ಜೋಳದ ಚೀಲದ ಹಿಂದೆ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಮೂರು ತುಂಡು ಮಟನ್. ಬೆಕ್ಕಿಗೆ ಹಾಕಬೇಕೆಂದು ಎತ್ತಿಟ್ಟು ಮರೆತಿದ್ದರು. ಅಗಿಯಲು ಆಗುವುದಿಲ್ಲ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ನಲವತ್ತು ವರ್ಷ ಆ ಮನೆಯಲ್ಲಿ ಸೌಟು ಹಿಡಿದ ಹೆಂಗಸು, ಸೊಸೆಯ ಮುಂದೆ ‘ನನಗ ಮೆತ್ತಗಿಂದ ಮಾಡಿ ಕೊಡು’ ಎಂದು ಹೇಗೆ ಕೇಳಿಯಾಳು? ನಾನು ಪೊಟ್ಟಣವನ್ನು ಸುಮ್ಮನೆ ಹೊರಗೆ ಹಾಕಿ ಬಂದೆ. ಅವರಿಗೆ ಏನೂ ಹೇಳಲಿಲ್ಲ. ಮುಂದಿನ ರವಿವಾರ ನಮ್ಮವರಿಗೆ ‘ಖಂಡ ಬ್ಯಾಡ, ಖೀಮಾ ಮಾಡಿಸಿಕೊಂಡು ಬರ್ರಿ’ ಎಂದೆ.

ಖೀಮಾ ಉಂಡಿ ನಮ್ಮ ಕಡೆಯ ಹಳ್ಳಿಗಳಲ್ಲಿ ಅಷ್ಟಾಗಿ ಮಾಡುವುದಿಲ್ಲ. ಬೆಂಗಳೂರು, ಮೈಸೂರು ಕಡೆಯವರಿಗೆ ಇದು ಮನೆಯ ಅಡುಗೆ. ಅವರು ‘ಕೈಮಾ ಉಂಡೆ ಸಾರು’ ಎನ್ನುತ್ತಾರೆ. ಖೀಮಾ ಎಂಬ ಮಾತು ತುರ್ಕಿಯವರ ಭಾಷೆಯಿಂದ ಬಂದದ್ದಂತೆ, ಸಣ್ಣಗೆ ಕೊಚ್ಚಿದ್ದು ಎಂದು ಅರ್ಥ. ಹೋಟೆಲಿನವರು ಹೇಳುವ ಕೋಫ್ತಾ ಪಾರ್ಸಿ ಮಾತು, ಕುಟ್ಟಿದ್ದು ಎಂದು ಅರ್ಥ. ನನ್ನ ಮಗ ಮೊಬೈಲಿನಲ್ಲಿ ಓದಿ ಇನ್ನೊಂದು ಸಂಗತಿ ಹೇಳಿದ. ದೂರದ ಸ್ವೀಡನ್ ದೇಶದವರು ಮಾಂಸದ ಉಂಡೆ ತಮ್ಮದೇ ಎಂದು ಹೆಮ್ಮೆಪಡುತ್ತಿದ್ದರಂತೆ. 2018ರಲ್ಲಿ ಆ ದೇಶದ ಅಧಿಕೃತ ಖಾತೆಯಲ್ಲೇ ‘ಇದು ನಮ್ಮ ಅರಸ ಹನ್ನೆರಡನೆಯ ಚಾರ್ಲ್ಸ್ ತುರ್ಕಿಯಿಂದ ತಂದ ಅಡುಗೆ’ ಎಂದು ಒಪ್ಪಿಕೊಂಡರಂತೆ. ಅರಸನೇ ಪರವೂರಿನಿಂದ ಅಡುಗೆ ಕಲಿತು ಬಂದ ಮೇಲೆ ನಾವು ಮೈಸೂರಿನವರಿಂದ ಕಲಿತರೆ ತಪ್ಪೇನು!

ಮೊದಲ ಸಲ ಮಾಡಿದ್ದು ಪೂರ್ತಿ ಕೆಟ್ಟಿತು, ಅದನ್ನೂ ಹೇಳಿಬಿಡುತ್ತೇನೆ. ಖೀಮಾವನ್ನು ಮನೆಗೆ ತಂದ ಮೇಲೆ ಎರಡು ಸಲ ನೀರಿನಲ್ಲಿ ತೊಳೆದೆ. ನೀರು ಪೂರ್ತಿ ಬಸಿಯಲಿಲ್ಲ. ರಸ ಇನ್ನೂ ಕುದಿ ಬರುವ ಮುಂಚೆಯೇ ಉಂಡಿ ಬಿಟ್ಟೆ. ತಳ ಹತ್ತೀತೆಂಬ ಗಾಬರಿಗೆ ಸೌಟು ಹಾಕಿ ತಿರುವಿದೆ. ಹತ್ತು ನಿಮಿಷದಲ್ಲಿ ಒಂದೂ ಉಂಡಿ ಇಲ್ಲ, ಬೋಗುಣಿ ತುಂಬ ಗಂಜಿ. ನೆಗೆಣ್ಣಿ ಸೆರಗು ಬಾಯಿಗಿಟ್ಟು ನಕ್ಕಳು. ನಮ್ಮವರು ‘ಇದೇನ ಹೊಸಾ ಪದ್ಧತಿ ಝುಣಕಾ?’ ಎಂದರು. ಅತ್ತೆಯವರು ಮಾತ್ರ ಖಡಕ್ ರೊಟ್ಟಿ ಮುರಿದು, ಅದರ ಮೇಲೆ ಆ ಗಂಜಿ ಹಾಕಿಸಿಕೊಂಡು, ನೆನೆಯುವ ತನಕ ಕಾದು, ಎರಡು ಬಟ್ಟಲು ಉಂಡರು. ‘ಒಡದದ್ದ ಛಲೋ ಆತು’ ಎಂದರು. ಎಷ್ಟೋ ತಿಂಗಳ ಮೇಲೆ ಅವರು ಮಟನ್ ಉಂಡದ್ದು ಅಂದೇ.

ಆಮೇಲೆ ಮಾಡುತ್ತ ಮಾಡುತ್ತ ಕೈ ಕುದುರಿತು. ಈಗ ನಿಮಗೆ ಬರೆಯುವುದು ನಾಲ್ಕಾರು ಸಲ ಕೆಡಿಸಿ ಕಲಿತ ಕ್ರಮ.

ಬೇಕಾಗುವ ಸಾಮಾನು: ಉಂಡಿಗೆ ಖೀಮಾ ಅರ್ಧ ಕಿಲೋ, ಪುಟಾಣಿ ಪುಡಿ 4 ದೊಡ್ಡ ಚಮಚೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 1, ಹಸಿಮೆಣಸಿನಕಾಯಿ 3, ಬಳ್ಳೊಳ್ಳಿ 8 ಎಸಳು, ಹೆಬ್ಬೆರಳಿನ ಗಾತ್ರದ ಹಸಿಶುಂಠಿ, ಒಂದು ಹಿಡಿ ಕೊತ್ತಂಬರಿ, ಚಿಟಿಕೆ ಅರಿಷಿಣ, ಉಪ್ಪು 1 ಚಹಾ ಚಮಚೆ. ರಸಕ್ಕೆ ಉಳ್ಳಾಗಡ್ಡಿ 3, ಟೊಮ್ಯಾಟೊ 2, ಒಣ ಕೊಬ್ಬರಿ ಅರ್ಧ ಬಟ್ಟಲು, ಗಸಗಸೆ 1 ಚಹಾ ಚಮಚೆ, ಬಳ್ಳೊಳ್ಳಿ ಒಂದು ಗಡ್ಡೆ, ಶುಂಠಿ, ಮಸಾಲಿ ಖಾರ 2 ದೊಡ್ಡ ಚಮಚೆ, ಎಣ್ಣೆ 4 ಚಮಚೆ. ತರಕಾರಿ ನಿಮ್ಮಲ್ಲಿ ಇದ್ದದ್ದು. ನಾನು ಸಾಮಾನ್ಯವಾಗಿ ಬಟಾಟಿ 3, ಗಜ್ಜರಿ 2, ಎಳೆಯ ಮುಳಗಾಯಿ 5, ಕೊನೆಗೆ ಒಂದು ಹಿಡಿ ಮೆಂತೆ ಸೊಪ್ಪು ಹಾಕುತ್ತೇನೆ.

ಮಸಾಲಿ ಖಾರ ನಮ್ಮ ಕಡೆ ಬೇಸಿಗೆಯಲ್ಲಿ ಒಮ್ಮೆ ಕುಟ್ಟಿಸಿಟ್ಟರೆ ವರ್ಷ ಪೂರ್ತಿ ಬರುತ್ತದೆ. ಅದರಲ್ಲಿ ಲವಂಗ, ಚೆಕ್ಕೆ, ಧನಿಯಾ, ಒಣ ಕೊಬ್ಬರಿ, ಬಳ್ಳೊಳ್ಳಿ ಎಲ್ಲ ಇರುವುದರಿಂದ ಬೇರೆ ಮಸಾಲೆ ಬೇಡ. ಬೇರೆ ಕಡೆಯ ಸೋದರಿಯರು ಖಾರಪುಡಿಯ ಜೊತೆ 2 ಚಮಚೆ ಧನಿಯಾ, 4 ಲವಂಗ, ಒಂದು ಬೆರಳುದ್ದ ಚೆಕ್ಕೆ ಹುರಿದು ಹಾಕಿಕೊಳ್ಳಲಿ.

ಖೀಮಾ ತರುವಾಗಲೇ ಅರ್ಧ ಕೆಲಸ ಮುಗಿಯುತ್ತದೆ ಅಥವಾ ಕೆಡುತ್ತದೆ. ತೊಡೆಯ ಮಾಂಸವನ್ನು ಆರಿಸಿ, ನರ ತೆಗೆಸಿ, ಕಣ್ಣೆದುರಿಗೆ ಕೊಚ್ಚಿಸಿಕೊಳ್ಳಬೇಕು. ಸ್ವಲ್ಪ ಕೊಬ್ಬು ಇರಲಿ, ಪೂರ್ತಿ ತೆಗೆಸಿದರೆ ಉಂಡಿ ಒಣಗಿ ಗೋಲಿಯಂತೆ ಆಗುತ್ತದೆ. ತೊಳೆಯಬೇಕೆನಿಸಿದರೆ ಕೊಚ್ಚುವ ಮೊದಲೇ ತೊಳೆದು ಬಸಿಯಬೇಕು. ಕೊಚ್ಚಿದ ಮೇಲೆ ತೊಳೆದರೆ ರುಚಿ ನೀರಿನೊಂದಿಗೆ ಹೋಗುತ್ತದೆ, ನೀರು ಖೀಮಾದೊಳಗೆ ಕೂಡುತ್ತದೆ. ತಪ್ಪಿ ತೊಳೆದಿದ್ದರೆ ತೆಳುವಾದ ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಇಟ್ಟು ಅರ್ಧ ತಾಸು ಬಿಡಿ. ಇನ್ನೊಂದು ಮಾತು, ಇಡೀ ತುಂಡಿಗಿಂತ ಕೊಚ್ಚಿದ ಮಾಂಸ ಬೇಗ ಕೆಡುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ತಂದು ಸಂಜೆಯ ತನಕ ಹೊರಗೆ ಇಡಬೇಡಿ. ಫ್ರಿಜ್ ಇದ್ದರೆ ಕೂಡಲೇ ಅದರೊಳಗೆ, ಇಲ್ಲದಿದ್ದರೆ ಕೂಡಲೇ ಒಲೆಯ ಮೇಲೆ.

ಶುಂಠಿ, ಬಳ್ಳೊಳ್ಳಿ, ಮೆಣಸಿನಕಾಯಿ ಕುಟ್ಟಿ ಖೀಮಾಕ್ಕೆ ಹಾಕಿ. ಉಪ್ಪನ್ನೂ ಈಗಲೇ ಹಾಕಿ, ಚಪಾತಿ ಹಿಟ್ಟು ನಾದುವಂತೆ ಐದು ನಿಮಿಷ ನಾದಬೇಕು. ಉಪ್ಪು ಬಿದ್ದು ನಾದಿದ ಖೀಮಾ ಅಂಟಂಟಾಗಿ ಕೈಗೆ ಹತ್ತಲು ಶುರುವಾಗುತ್ತದೆ. ಆ ಅಂಟೇ ಉಂಡಿಯನ್ನು ಹಿಡಿದಿಡುವುದು. ಆಮೇಲೆ ಉಳ್ಳಾಗಡ್ಡಿಯನ್ನು ಹಿಂಡಿ, ಕೊತ್ತಂಬರಿ, ಅರಿಷಿಣ, ಪುಟಾಣಿ ಪುಡಿ ಹಾಕಿ ಕಲೆಸಿ. ಕಡಲೆ ಹಿಟ್ಟು ನಡೆಯುವುದಿಲ್ಲವೇ ಎಂದು ಕೇಳುವಿರಿ. ನಡೆಯುತ್ತದೆ, ಆದರೆ ಹಸಿ ವಾಸನೆ ಉಳಿಯುತ್ತದೆ. ಪುಟಾಣಿ ಮೊದಲೇ ಹುರಿದದ್ದು, ನೀರನ್ನೂ ಚೆನ್ನಾಗಿ ಹೀರುತ್ತದೆ. ತತ್ತಿ ತಿನ್ನುವವರು ಒಂದು ತತ್ತಿ ಒಡೆದು ಹಾಕಬಹುದು. ನಾನು ಹಾಕುವುದಿಲ್ಲ. ತತ್ತಿ ಹಾಕಿದರೆ ಉಂಡಿ ಗಟ್ಟಿಯಾಗುತ್ತದೆ, ನಮ್ಮ ಅತ್ತೆಯವರಿಗೆ ಮೆತ್ತಗೇ ಬೇಕು.

ಬಳೆಗಳನ್ನು ಮೊಳಕೈಯ ಕಡೆಗೆ ಸರಿಸಿಕೊಂಡು, ಅಂಗೈಗೆ ಎಣ್ಣೆ ಹಚ್ಚಿಕೊಂಡು, ಸಣ್ಣ ನಿಂಬೆಹಣ್ಣಿನಷ್ಟು ಉಂಡಿ ಕಟ್ಟಿ. ಬಿರುಕಿಲ್ಲದಂತೆ ನುಣ್ಣಗೆ ಇರಬೇಕು. ಬಿರುಕಿದ್ದಲ್ಲಿಯೇ ಒಡೆಯುವುದು. ಅರ್ಧ ಕಿಲೋ ಖೀಮಾಕ್ಕೆ ಇಪ್ಪತ್ತೇಳೋ ಇಪ್ಪತ್ತೆಂಟೋ ಉಂಡಿ ಆಗುತ್ತವೆ. ಕಟ್ಟಿದವನ್ನು ತಾಟಿನಲ್ಲಿ ಹರಡಿ, ರಸ ಆಗುವ ತನಕ ತಣ್ಣಗಿಡಿ.

ಬಳೆಯ ಮಾತು ಬಂದದ್ದರಿಂದ ಒಂದು ನೆನಪಾಯಿತು. ನಮ್ಮೂರಿನ ಕವಿ ರನ್ನ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ತಾಯಿ ಅಬ್ಬಲಬ್ಬೆ, ತಂದೆ ಜಿನವಲ್ಲಭ. 993ರಲ್ಲಿ ಅಜಿತಪುರಾಣ ಬರೆದ ಜೈನ ಕವಿ ಆತ. ಅವನ ಹೆಸರನ್ನು ಹೊತ್ತ ಊರಿನಲ್ಲಿ ಕೂತು ನಾನು ಖೀಮಾ ಉಂಡಿಯ ಪುರಾಣ ಬರೆಯುತ್ತಿದ್ದೇನೆ! ಅದಕ್ಕೇ ಮಾಂಸ ತಿನ್ನದ ಸೋದರಿಯರಿಗೂ ಕೊನೆಯಲ್ಲಿ ಒಂದು ದಾರಿ ಹೇಳುತ್ತೇನೆ, ಸಿಟ್ಟಾಗಬೇಡಿ.

ಈಗ ರಸ. ಅಗಲವಾದ, ದಪ್ಪ ತಳದ ಬೋಗುಣಿಯೇ ಬೇಕು. ಉಂಡಿಗಳು ಒಂದರ ಮೇಲೊಂದು ಕೂಡಬಾರದು. ಒಂದು ಉಳ್ಳಾಗಡ್ಡಿಯನ್ನು ಬೆಂಕಿಯ ಮೇಲೆ ಸುಟ್ಟು ಸಿಪ್ಪೆ ತೆಗೆಯಿರಿ. ಅದೇ ಬೋಗುಣಿಯಲ್ಲಿ ಕೊಬ್ಬರಿ, ಗಸಗಸೆ ಕೆಂಪಗೆ ಹುರಿದು ತೆಗೆದು, ಸುಟ್ಟ ಉಳ್ಳಾಗಡ್ಡಿ, ಬಳ್ಳೊಳ್ಳಿ, ಶುಂಠಿಯ ಜೊತೆ ನುಣ್ಣಗೆ ರುಬ್ಬಿ. ಎಣ್ಣೆ ಕಾಯಿಸಿ, ಉಳಿದ ಎರಡು ಉಳ್ಳಾಗಡ್ಡಿಯನ್ನು ಹೆಚ್ಚಿ ಕಂದು ಬಣ್ಣ ಬರುವ ತನಕ ಹುರಿಯಿರಿ. ಟೊಮ್ಯಾಟೊ ಹಾಕಿ, ಅದು ಕರಗಿದ ಮೇಲೆ ರುಬ್ಬಿದ್ದನ್ನೂ ಮಸಾಲಿ ಖಾರವನ್ನೂ ಹಾಕಿ ಎಣ್ಣೆ ಬಿಡುವ ತನಕ ಹುರಿಯಬೇಕು. ಇಲ್ಲಿ ಅವಸರ ಮಾಡಿದರೆ ರಸ ಹಸಿಹಸಿ. ಕಬ್ಬಿನ ಕಟಾವಿನ ದಿನಗಳಲ್ಲಿ ಸಂಜೆ ಆರಕ್ಕೆ ಮನೆ ಮುಟ್ಟಿ ಅಡುಗೆಗೆ ನಿಲ್ಲುವಾಗ ನಾನೂ ಅವಸರ ಮಾಡಿದ್ದೇನೆ, ತಿಂದವರ ಮುಖವೇ ಹೇಳುತ್ತದೆ.

ಆರು ಲೋಟ ಬಿಸಿ ನೀರು, ಉಪ್ಪು, ಒಂದು ಸಣ್ಣ ಚೂರು ಬೆಲ್ಲ ಹಾಕಿ. ಮಹಾಲಿಂಗಪುರದ ಬೆಲ್ಲದ ಪೇಟೆ ನಮಗೆ ಹತ್ತಿರ, ಹಾಗಾಗಿ ನಮ್ಮ ಕೈ ಬೆಲ್ಲದ ಡಬ್ಬಿಗೆ ತಾನಾಗಿ ಹೋಗುತ್ತದೆ. ನೀವು ಬೇಕಾದರೆ ಬಿಡಿ. ಕುದಿ ಬಂದಾಗ ಬಟಾಟಿಯನ್ನು ಎರಡೆರಡು ಹೋಳು ಮಾಡಿ, ಗಜ್ಜರಿಯನ್ನು ದಪ್ಪಗೆ ಹೆಚ್ಚಿ ಹಾಕಿ. ಇವಕ್ಕೆ ಹತ್ತು ನಿಮಿಷ ಮುಂದಾಗಿ ಬೇಯುವ ಅವಕಾಶ ಬೇಕು.

ಆಮೇಲೆ ಉಂಡಿ. ರಸ ಕೊತಕೊತ ಕುದಿಯುತ್ತಿರಬೇಕು, ಇದು ಮುಖ್ಯ. ಕುದಿಯುವ ರಸಕ್ಕೆ ಬಿದ್ದ ಕೂಡಲೇ ಉಂಡಿಯ ಹೊರಮೈ ಗಟ್ಟಿಯಾಗುತ್ತದೆ. ಒಂದೊಂದಾಗಿ, ಬದಿಯಿಂದ ಜಾರಿಸಿ ಬಿಡಿ. ಎಲ್ಲ ಬಿಟ್ಟ ಮೇಲೆ ಉರಿ ಸಣ್ಣ ಮಾಡಿ. ಎಂಟು ನಿಮಿಷ ಸೌಟನ್ನು ಮುಟ್ಟಲೇಬೇಡಿ. ತಳ ಹತ್ತುವ ಭಯವಿದ್ದರೆ ಬೋಗುಣಿಯ ಎರಡು ಕಿವಿ ಹಿಡಿದು ಮೆಲ್ಲಗೆ ತೂಗಿ. ಉಂಡಿಯ ಬಣ್ಣ ಬದಲಾಗಿ ಗಟ್ಟಿಯಾದ ಮೇಲೆ ಎಣಗಾಯಿಗೆ ಸೀಳುವಂತೆ ಸೀಳಿದ ಮುಳಗಾಯಿಗಳನ್ನು ನಡುನಡುವೆ ಇಟ್ಟು, ಅರ್ಧ ಮುಚ್ಚಳ ಮುಚ್ಚಿ, ಇನ್ನೂ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ. ಕೊನೆಯ ಐದು ನಿಮಿಷ ಇರುವಾಗ ಮೆಂತೆ ಸೊಪ್ಪು. ಒಂದು ಉಂಡಿ ತೆಗೆದು ಮುರಿದು ನೋಡಿ. ಒಳಗೆ ಎಲ್ಲೂ ಕೆಂಪು ಇರಬಾರದು. ಇದ್ದರೆ ಮತ್ತೆ ಐದು ನಿಮಿಷ.

ಕುಕ್ಕರಿನಲ್ಲಿ ಆಗುವುದಿಲ್ಲವೇ ಎಂದು ನೆಗೆಣ್ಣಿ ಕೇಳಿದ್ದಳು. ಆಕೆ ಮಾಡಿಯೂ ನೋಡಿದಳು. ಮುಳಗಾಯಿ ಕಾಣೆಯಾಯಿತು, ಗಜ್ಜರಿ ಹಿಟ್ಟಾಯಿತು, ಉಂಡಿಗಳು ಒಂದಕ್ಕೊಂದು ಹತ್ತಿಕೊಂಡವು. ಬೋಗುಣಿಯೇ ಸರಿ.

ರಸ ತೆಳುವಾಯಿತೆನಿಸಿದರೆ ಒಂದು ಚಮಚೆ ಪುಟಾಣಿ ಪುಡಿಯನ್ನೋ ಶೇಂಗಾ ಪುಡಿಯನ್ನೋ ನೀರಿನಲ್ಲಿ ಕಲಸಿ ಬಿಟ್ಟು ಒಂದು ಕುದಿ ಕುದಿಸಿ. ನಾನು ತೆಳುವಾಗಿಯೇ ಬಿಡುತ್ತೇನೆ. ಏಕೆಂದರೆ ಇದರ ಜೊತೆ ಅನ್ನವನ್ನಾಗಲಿ ಪಲ್ಯವನ್ನಾಗಲಿ ಬೇರೆ ಮಾಡುವುದಿಲ್ಲ. ವಾರಕ್ಕೊಮ್ಮೆ ಬಡಿದು ಒಣಗಿಸಿಟ್ಟ ಖಡಕ್ ರೊಟ್ಟಿ ಅಡಕಲಿನಲ್ಲಿ ಇದ್ದೇ ಇರುತ್ತದೆ. ಅದನ್ನು ತಾಟಿನಲ್ಲಿ ಮುರಿದು, ಮೇಲೆ ರಸ, ತರಕಾರಿ, ಉಂಡಿ, ಹಸಿ ಉಳ್ಳಾಗಡ್ಡಿ, ನಿಂಬೆ ಹೋಳು. ತೊಳೆಯುವುದು ಒಂದೇ ಬೋಗುಣಿ.

ಲೆಕ್ಕಕ್ಕೆ ಬರೋಣ. ಮೈದುನ ಮತ್ತು ನೆಗೆಣ್ಣಿ ಈಗ ಬೇರೆಯಾಗಿ ಪಕ್ಕದ ಮನೆಯಲ್ಲಿದ್ದಾರೆ. ಆದರೆ ರವಿವಾರ ಎರಡೂ ಮನೆಗೆ ಒಂದೇ ಒಲೆ. ಅತ್ತೆಯವರು, ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು, ಅವರಿಬ್ಬರು, ಅವರ ಇಬ್ಬರು ಹುಡುಗರು. ಒಟ್ಟು ಒಂಬತ್ತು. ಉಂಡಿ ಇಪ್ಪತ್ತೇಳು. ತಲೆಗೆ ಮೂರು. ಪತ್ರ ಬರೆದ ಸೋದರಿಯೇ, ನಿಮ್ಮ ಮನೆಯಲ್ಲೂ ಒಂಬತ್ತೇ ಅಲ್ಲವೇ? ಖಂಡವನ್ನು ಎಣಿಸಿ ಬಡಿಸಲು ಬರುವುದಿಲ್ಲ. ಒಂದು ದೊಡ್ಡದು, ಒಂದು ಎಲುಬು, ಒಂದು ಬರೀ ಚರ್ಬಿ. ಉಂಡಿಯಾದರೆ ಯಾರ ತಾಟಿನಲ್ಲಿ ಎಷ್ಟು ಎಂದು ಐದು ವರ್ಷದ ಹುಡುಗನಿಗೂ ಕಾಣುತ್ತದೆ. ಯಾರೊಂದಿಗೂ ವಾದ ಮಾಡುವ ಪ್ರಸಂಗವಿಲ್ಲ. ಮಟನ್ ದರ ಕಿಲೋಕ್ಕೆ 700 ರೂಪಾಯಿ ದಾಟಿರುವಾಗ ಇದೇನೂ ಸಣ್ಣ ಅನುಕೂಲವಲ್ಲ.

ಉಂಡಿ ಒಡೆಯದೆ ಬಂದ ಮೊದಲ ದಿನದ ಮಾತು. ಅತ್ತೆಯವರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಇರುವುದರಿಂದ ಮೊದಲು ಅವರಿಗೇ ಬಡಿಸಿದೆ. ಮೂರು ಉಂಡಿ, ಬಟಾಟಿ ಇಲ್ಲದೆ. ಬೆರಳಿನಿಂದ ಒತ್ತಿ ನೋಡಿದರು, ಬಾಯಿಗಿಟ್ಟರು, ಏನೂ ಹೇಳಲಿಲ್ಲ. ಉಂಡಾದ ಮೇಲೂ ಎದ್ದು ಹೋಗದೆ ಗೋಡೆಗೆ ಆತು ಕೂತಿದ್ದರು. ಎಲ್ಲರದೂ ಮುಗಿದು ನಾನೂ ನೆಗೆಣ್ಣಿಯೂ ಕೂತೆವು. ನನ್ನ ತಾಟನ್ನೇ ನೋಡುತ್ತಿದ್ದವರು ಕೇಳಿದರು.

‘ನಿಂದ ಮೂರನೇದ ಎಲ್ಲೈತಿ?’

‘ಹುಡುಗ ಬೇಡಿದಾರೀ ಅತ್ತಿ, ಅವಗ ಹಾಕಿದೆ.’

‘ಅವಗ ಮೂರ ಹಾಕಿದ್ದಿ. ನಾ ಎಣಿಸೇನಿ.’

ನಾನು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಆಗ ನಾ ಎಣಿಸಲೇ ಇಲ್ಲ ನೋಡವಾ’ ಎಂದರು. ನೆಗೆಣ್ಣಿ ತಲೆ ಎತ್ತಿ ನನ್ನ ಮುಖ ನೋಡಿದಳು. ಅತ್ತೆಯವರು ಮೊಳಕಾಲಿಗೆ ಕೈ ಊರಿ ಎದ್ದು ಕೈ ತೊಳೆಯಲು ಹೋದರು. ಮತ್ತೆ ಆ ಮಾತು ನಮ್ಮ ಮನೆಯಲ್ಲಿ ಬಂದಿಲ್ಲ. ಆದರೆ ಈಗಲೂ ರವಿವಾರ ನಾವಿಬ್ಬರು ಉಂಡು ಮುಗಿಸುವ ತನಕ ಅವರು ಅಲ್ಲೇ ಕೂತಿರುತ್ತಾರೆ. ಹುಡುಗರು ಬೋಗುಣಿಯ ಹತ್ತಿರ ಸುಳಿದರೆ ‘ಏ’ ಎನ್ನುತ್ತಾರೆ.

ಇನ್ನು ಮಾತು ಕೊಟ್ಟಂತೆ ಮಾಂಸ ತಿನ್ನದವರಿಗೆ. ಒಂದೂವರೆ ಬಟ್ಟಲು ಕಡಲೆಬೇಳೆಯನ್ನು ಮೂರು ತಾಸು ನೆನೆಸಿ, ಪೂರ್ತಿ ಬಸಿದು, ನೀರು ಹಾಕದೆ ತರಿತರಿಯಾಗಿ ರುಬ್ಬಿ. ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಒಣ ಕೊಬ್ಬರಿ ತುರಿ ಸೇರಿಸಿ ಉಂಡಿ ಕಟ್ಟಿ. ಇವನ್ನು ಹಾಗೆಯೇ ರಸಕ್ಕೆ ಬಿಡಬೇಡಿ. ಬಟಾಟಿ, ಗಜ್ಜರಿ ಬೇಯುತ್ತಿರುವಾಗ ಬೋಗುಣಿಯ ಬಾಯಿಗೆ ತೂತಿನ ತಾಟು ಇಟ್ಟು, ಅದರ ಮೇಲೆ ಉಂಡಿ ಹರಡಿ, ಮುಚ್ಚಿ ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿ. ಗಟ್ಟಿಯಾದ ಮೇಲೆ ರಸಕ್ಕೆ ಇಳಿಸಿ ಐದು ನಿಮಿಷ ಕುದಿಸಿದರೆ ಸಾಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೆಯದ ಮನೆಯವರು ಅವಿಲ್ಲದ ಖಾರಪುಡಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟು, ಟೊಮ್ಯಾಟೊ ಒಂದು ಹೆಚ್ಚು ಹಾಕಲಿ. ಗಡ್ಡೆ ತಿನ್ನದವರು ಬಟಾಟಿ, ಗಜ್ಜರಿ, ಶುಂಠಿ ಬಿಟ್ಟು ಮುಳಗಾಯಿ, ಹೀರೇಕಾಯಿ, ಅವರೆಕಾಳು ಹಾಕಿಕೊಳ್ಳಬಹುದು.

ಕೋಳಿ ಖೀಮಾದಿಂದಲೂ ಮಾಡಬಹುದು, ಖರ್ಚು ಕಡಿಮೆ. ಅದು ಹೆಚ್ಚು ಅಂಟುವುದರಿಂದ ಪುಟಾಣಿ ಪುಡಿ ಒಂದು ಚಮಚೆ ಹೆಚ್ಚು ಬೇಕು, ಬೇಯಲು ಹದಿನೈದು ನಿಮಿಷ ಸಾಕು. ಇದನ್ನೂ ಮುರಿದು ನೋಡಿಯೇ ಇಳಿಸಿ.

ರಾತ್ರಿ ರಸ ಉಳಿದರೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಚೆನ್ನಾಗಿ ಕುದಿಸಿ ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ. ಉಂಡಿ ಉಳಿಯುವ ಪ್ರಶ್ನೆ ನಮ್ಮ ಮನೆಯಲ್ಲಿ ಇನ್ನೂ ಬಂದಿಲ್ಲ. ಇಪ್ಪತ್ತೆಂಟನೆಯದು ಆದ ದಿನ ಮಾತ್ರ ಒಂದು ಹೆಚ್ಚಾಗುತ್ತದೆ, ಅದು ಮಾಡಿದವಳದು. ಬೆಂದಿದೆಯೋ ಇಲ್ಲವೋ ಮುರಿದು ನೋಡಬೇಕಲ್ಲ!